ಚಿಫ್‌ಚಾಫ್ ಬಂದಿದೆ

ಎಡ್ವಿನ್ ಅಣ್ಣಾ,

ನಾನು ಪಕ್ಷಿಧಾಮಕ್ಕೆ ಹೊರಟೆ. ಓಟ್ಸ್ ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿಕೊ, ತಳ ಹಿಡಿಸಬೇಡ. ಫ್ಲಾಸ್ಕ್ ನಾನೇ ಒಯ್ಯುತ್ತಿದ್ದೇನೆ, ಹುಡುಕಬೇಡ.

ಇನ್ನೊಂದು ಮಾತಿದೆ. ಪೂರ್ತಿ ಓದಿ ಆಮೇಲೆ ಬೈ. ನಿನ್ನೆ ಕೆರೆಯ ಹತ್ತಿರ ನೀನು, "ಮಾರ್ಚ್ ಮುಗೀತಾ ಬಂತು, ಚಿಫ್‌ಚಾಫ್ ಹಕ್ಕಿ ಇನ್ನೂ ಬಂದೇ ಇಲ್ವಲ್ಲೇ!" ಎಂದೆಯಲ್ಲ, ಆಗ ಅದು ನಮ್ಮ ತಲೆಯ ಮೇಲಿನ ವಿಲೋ ಮರದಲ್ಲೇ ಕೂತು "ಚಿಫ್, ಚಾಫ್" ಎಂದು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಿತ್ತು. ಪಕ್ಷಿಧಾಮದ ಕಾವಲಿನ ನೆಸ್ಟಾ ನನ್ನ ಮುಖ ನೋಡಿದಳು. ನಾನು, "ಹೌದಣ್ಣ, ಈ ಸಲ ತಡ" ಎಂದುಬಿಟ್ಟೆ.

ನಾನು ಆರು ವರ್ಷದವಳಿದ್ದಾಗ ನನ್ನ ಕಣ್ಣು ಮುಚ್ಚಿ, "ಮ್ಯೂರಿಯಲ್, ನೋಡ್ಬೇಡ, ಬರೀ ಕೇಳು" ಎಂದು ಈ ಹಕ್ಕಿಯ ದನಿ ಕಲಿಸಿದವನು ನೀನು. ನಿನಗೇ ಸುಳ್ಳು ಹೇಳಿದೆನಲ್ಲ!

ಕಿವಿ ಮಿಷನ್ ಕಿಟಕಿಯ ಬಳಿ ಇದೆ, ಹೊಸ ಬ್ಯಾಟರಿ ಹಾಕಿದ್ದೇನೆ. "ಅದು ಮುದುಕರ ಸಾಮಾನು" ಎನ್ನಬೇಡ. ಎಪ್ಪತ್ತೊಂಬತ್ತಕ್ಕೆ ನೀನೇನು ಮದುವೆ ಗಂಡೇ? ಹಾಕಿಕೊಂಡು ಹತ್ತು ಗಂಟೆಯ ಬಸ್ಸಿಗೆ ಬಾ. ಮಫ್ಲರ್ ಸುತ್ತಿಕೊ, ಕೆರೆಯ ಗಾಳಿ ಇನ್ನೂ ಕೊರೆಯುತ್ತಿದೆ. ಚೀಸ್ ಸ್ಯಾಂಡ್‌ವಿಚ್ ಇಬ್ಬರಿಗೂ ಕಟ್ಟಿಕೊಂಡಿದ್ದೇನೆ. ಬಿಸಿಲು ಬಿದ್ದರೆ ಬೆಂಚಿನ ಮೇಲೆ ಕೂತು ತಿನ್ನೋಣ.

ವಸಂತದ ಹಕ್ಕಿಗಳು ಬಂದ ದಿನವನ್ನೆಲ್ಲ ಬರೆದಿಡುವ ನಮ್ಮ ಡೈರಿಯಲ್ಲಿ ಚಿಫ್‌ಚಾಫ್‌ನ ತಾರೀಖು ಮಾತ್ರ ಖಾಲಿ ಬಿಟ್ಟಿದ್ದೇನೆ. ನಾನೊಬ್ಬಳೇ ಕೇಳಿದರೆ ಆಗಲಿಲ್ಲ. ನಮ್ಮ ಮನೆಗೆ ಅದು ಬರುವುದು ನೀನು ಕೇಳಿದ ದಿನವೇ.

ಮ್ಯೂರಿಯಲ್