ಕಂಪ್ಲೇಂಟ್ ಇಲ್ಲದ ಬಸ್ಸು

ಸಾಗರ
ಭಾನುವಾರ, 16 ನವೆಂಬರ್ 2025
ಮಧ್ಯಾಹ್ನ ಒಂದು ಗಂಟೆ

ಚೈತ್ರಾಳ ಅಪ್ಪನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಪೆನ್ನು ಊರಿದೆ, ಕೈ ಮುಂದಕ್ಕೆ ಹೋಗಲಿಲ್ಲ. ಮಗಳು ಚೆನ್ನಾಗಿದ್ದಾಳೆ. ಅಷ್ಟನ್ನು ಮಾತ್ರ ಧೈರ್ಯವಾಗಿ ಬರೆಯಬಲ್ಲೆ. ನೀವು ಮನೆ ಬಿಟ್ಟು ತೀರ್ಥಹಳ್ಳಿಗೆ ನಿಮ್ಮ ಅಕ್ಕನ ಮನೆಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ನನ್ನ ಫೋನ್ ಎತ್ತುವುದಿಲ್ಲ, ಮೆಸೇಜ್ ತೆರೆಯುವುದಿಲ್ಲ. ಕಾಗದವಾದರೆ ಯಮುನತ್ತಿಗೆ ಎದುರಿಗೆ ಕೂತು ಓದಿಸಿಯೇ ಓದಿಸುತ್ತಾರೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಎರಡೂ ಮುಕ್ಕಾಲರ ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ವಾಸಪ್ಪನ ಕೈಯಲ್ಲಿ ಕೊಟ್ಟರೆ ಸಂಜೆ ಐದೂಮುಕ್ಕಾಲಕ್ಕೆಲ್ಲ ನಿಮಗೆ ಸಿಗುತ್ತದೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ವಿಚಾರಣೆ. ಅದಕ್ಕೆ ಮೊದಲು ನೀವು ಇದನ್ನು ಓದಲೇಬೇಕು.

ನಿಮ್ಮ ಸಸ್ಪೆನ್ಷನ್ ಆರ್ಡರನ್ನು ಟೈಪ್ ಮಾಡಿದವಳು ನಾನೇ, ಸಹಿ ಹಾಕಿದವಳೂ ನಾನೇ. ‘ಶ್ರೀ ರವೀಂದ್ರ, ಚಾಲಕರು’ ಎಂದು ಟೈಪ್ ಮಾಡುವಾಗ, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರಲ್ಲವೇ ಇದು ಅನ್ನಿಸಿತು. ಗಂಡನ ಹೆಸರು ಹೇಳಬಾರದು ಎಂದು ಅಮ್ಮ ಕಲಿಸಿದ್ದಳು. ಗಂಡನನ್ನು ಸಸ್ಪೆಂಡ್ ಮಾಡಬಾರದು ಎಂದು ಕಲಿಸುವ ಸಂದರ್ಭ ಪಾಪ ಅವಳಿಗೆ ಬಂದಿರಲಿಲ್ಲ.

ತಪ್ಪು ಎಲ್ಲಿ ಶುರುವಾಯಿತು ಎಂದು ಹನ್ನೊಂದು ದಿನದಿಂದ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡುತ್ತಿದ್ದೇನೆ. ಕೊನೆಗೆ ಆ ಬಿಳಿ ಬೋರ್ಡಿನ ಹತ್ತಿರವೇ ನಿಲ್ಲುತ್ತೇನೆ. ಎರಡು ವರ್ಷದ ಹಿಂದೆ ಮಾಲೀಕರಾದ ನಾಗರಾಜಪ್ಪನವರು ಬುಕಿಂಗ್ ಕೌಂಟರಿನಿಂದ ನನ್ನನ್ನು ಎಬ್ಬಿಸಿ ಹನ್ನೊಂದು ಬಸ್ಸುಗಳ ಆಪರೇಷನ್ಸ್ ಮ್ಯಾನೇಜರ್ ಮಾಡಿದರಲ್ಲ, ಶಿವಮೊಗ್ಗಕ್ಕೆ ಮೂರು ದಿನದ ತರಬೇತಿಗೂ ಕಳಿಸಿದರಲ್ಲ, ಅಲ್ಲಿಂದ ಬಂದವಳೇ ಶೆಡ್ಡಿನಲ್ಲಿ ಬೋರ್ಡು ಹಾಕಿಸಿದೆ. ಯಾವ ಬಸ್ಸು ಎಷ್ಟು ನಿಮಿಷ ತಡ, ಯಾವುದು ದಾರಿಯಲ್ಲಿ ಕೆಟ್ಟಿತು, ಯಾವ ಡ್ರೈವರು ಬಸ್ಸಿನ ದೋಷ ಬರೆಯುವ ಪುಸ್ತಕದಲ್ಲಿ ಎಷ್ಟು ಕಂಪ್ಲೇಂಟ್ ಬರೆದ, ಎಲ್ಲಕ್ಕೂ ಒಂದೊಂದು ಕಾಲಮ್ಮು. ತಿಂಗಳಿಡೀ ಕಂಪ್ಲೇಂಟ್ ಇಲ್ಲದ ಬಸ್ಸಿನವರಿಗೆ ಒಂದು ದಿನ ಹೆಚ್ಚು ರಜೆ, ಬೋರ್ಡಿನ ಮೇಲೆ ಹಸಿರು ಅಕ್ಷರದಲ್ಲಿ ಹೆಸರು. ತಿಂಗಳಿಗೆ ನಲವತ್ತು ಬರುತ್ತಿದ್ದ ಕಂಪ್ಲೇಂಟು ಮೂರಕ್ಕೆ ಇಳಿಯಿತು. ಬಂದ ನೆಂಟರಿಗೆಲ್ಲ ನಾಗರಾಜಪ್ಪನವರು ಆ ಬೋರ್ಡು ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನಾಚಿಕೊಳ್ಳುತ್ತಿದ್ದೆ. ಬಸ್ಸುಗಳು ರಿಪೇರಿಯಾದದ್ದರಿಂದ ಇಳಿದಿದೆಯೋ, ಬರೆಯುವ ಕೈಗಳು ಸುಮ್ಮನಾದದ್ದರಿಂದ ಇಳಿದಿದೆಯೋ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಉಳಿದ ಆ ಮೂರು ನಿಮ್ಮವು. ‘ಇಳಿಜಾರಿನಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತದೆ.’ ‘ಹಿಂದಿನ ಚಕ್ರ ಬಿಚ್ಚಿ ನೋಡಬೇಕು.’ ‘ಲೋಡ್ ಇದ್ದಾಗ ಹಿಡಿತ ಇಲ್ಲ.’ ಬೇರೆ ಯಾರೂ ಬರೆಯದಿದ್ದರಿಂದ ಮೂರೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬಂದಿದ್ದವು. ಚಕ್ರ ಬಿಚ್ಚಿದರೆ ಬಸ್ಸು ಒಂದು ದಿನ ನಿಲ್ಲಬೇಕು. ಅಷ್ಟರಲ್ಲಿ ಶೆಡ್ಡಿನಲ್ಲಿ ಗುಸುಗುಸು ಶುರುವಾಗಿತ್ತು. ‘ಹೆಂಡ್ತಿನೇ ಮ್ಯಾನೇಜರು, ಇನ್ನೇನು, ರಿಪೇರಿ ಮೊದ್ಲು ಅವಂದೇ’ ಎಂದು ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ನಿಮ್ಮ ಬಸ್ಸನ್ನು ಪಟ್ಟಿಯ ಕೊನೆಗೆ ಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಆಫೀಸಿನ ನಿಯಮವನ್ನಾಗಿಯೇ ಮಾಡಿಕೊಂಡೆ. ಬೇರೆ ಯಾವ ಡ್ರೈವರು ಆ ಮಾತು ಬರೆದಿದ್ದರೂ ನಾನು ಒಮ್ಮೆ ಬಿಚ್ಚಿಸಿ ನೋಡುತ್ತಿದ್ದೆ. ನಿಮ್ಮ ಮೂರನೆಯ ಕಂಪ್ಲೇಂಟಿನ ಕೆಳಗೆ ಮಾತ್ರ ‘ಚಾಲಕರ ಅಭ್ಯಾಸದ ದೋಷ, ರಿಪೇರಿ ಅಗತ್ಯವಿಲ್ಲ’ ಎಂದು ಬರೆದು ಸಹಿ ಮಾಡಿದೆ.

ಆ ಬುಧವಾರದ್ದು ನಿಮಗೆ ಗೊತ್ತೇ ಇದೆ. ಆದರೂ ನನ್ನ ಕಡೆಯಿಂದ ಕಂಡದ್ದನ್ನು ಬರೆಯುತ್ತೇನೆ. ಬೆಳಗಿನ ಟ್ರಿಪ್ಪಿನಲ್ಲಿ ಹೊಸನಗರ ದಾಟಿ ಇಳಿಜಾರಿನ ತಲೆಯಲ್ಲಿ ನೀವು ಬಸ್ಸು ನಿಲ್ಲಿಸಿದಿರಿ. ನಲವತ್ತೇಳು ಜನರನ್ನು ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನು ಓಡಿಸುವುದಿಲ್ಲ ಎಂದು ರಸ್ತೆಬದಿಯಲ್ಲಿ ಕೂತಿರಿ. ನಾನು ಮೆಕ್ಯಾನಿಕ್ ನಿಂಗಪ್ಪನನ್ನು ಜೀಪಿನಲ್ಲಿ ಕರೆದುಕೊಂಡು ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಪರೀಕ್ಷೆಗೆ ಹೊರಟ ಡಿಗ್ರಿ ಹುಡುಗಿಯರು ಅಳುತ್ತಿದ್ದರು. ಯಾರೋ ನಿಮ್ಮ ಮುಖಕ್ಕೆ ಮೊಬೈಲ್ ಹಿಡಿದು ಬೈಯುತ್ತಿದ್ದ. ನಿಂಗಪ್ಪ ಖಾಲಿ ಬಸ್ಸನ್ನು ಕೆಳಗಿಳಿಸಿ ಮೇಲೆ ತಂದ. ಬ್ರೇಕ್ ಹಿಡಿಯಿತು. ಅಷ್ಟು ಜನರ ಎದುರಿಗೇ ನಿಮ್ಮನ್ನು ಸಸ್ಪೆಂಡ್ ಮಾಡಿದ್ದೇನೆ ಎಂದೆ. ಮನೆಯವರು ಎಂದು ಬಿಟ್ಟುಬಿಡುವವಳಲ್ಲ ಎಂದು ಎಲ್ಲರೂ ನೋಡಲಿ ಎಂದೇ ಗಟ್ಟಿಯಾಗಿ ಹೇಳಿದೆ. ನೀವು ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಆಯ್ತು ಮೇಡಂ’ ಎಂದು ಕೀ ಕೊಟ್ಟು ನಡೆದುಬಿಟ್ಟಿರಿ.

ಆಮೇಲೆ ಅದೇ ಬಸ್ಸಿಗೆ ಅಶ್ವಿನ್‌ನನ್ನು ಹಾಕಿದೆವು. ಇಪ್ಪತ್ತಾರು ವರ್ಷ, ನಮ್ಮಲ್ಲಿ ಸೇರಿ ಇನ್ನೂ ಒಂದು ವರ್ಷವಾಗಿಲ್ಲ. ಪುಸ್ತಕದಲ್ಲಿ ಅವನು ಒಂದಕ್ಷರ ಬರೆಯಲಿಲ್ಲ. ನೋಡು, ಡ್ರೈವರು ಬದಲಾದ, ಕಂಪ್ಲೇಂಟು ಹೋಯಿತು ಎಂದರು ನಾಗರಾಜಪ್ಪನವರು. ನಾಳೆ ನಿಮ್ಮನ್ನು ಕೆಲಸದಿಂದ ತೆಗೆಯಲು ಅವರು ಮುಂದಿಡುವ ಸಾಕ್ಷಿ ಅದೇ. ಜೊತೆಗೆ, ಸುಳ್ಳು ಹೇಳಿ ಕಂಪನಿಯ ಹೆಸರು ಕೆಡಿಸಿದ ಎಂದು ಬರೆದೇ ಕಳಿಸುತ್ತಾರೆ. ಆ ಕಾಗದ ಹಿಡಿದುಕೊಂಡು ಹೋದರೆ ಈ ಮೂರು ತಾಲೂಕಿನಲ್ಲಿ ಯಾರೂ ನಿಮಗೆ ಸ್ಟಿಯರಿಂಗ್ ಕೊಡುವುದಿಲ್ಲ.

ನಿನ್ನೆ ನಾನು ಆ ಬಸ್ಸಿನಲ್ಲಿ ಹೋದೆ. ನಿಮ್ಮ ಮೇಲಿನ ಪ್ರೀತಿಯಿಂದ ಹೋದೆ ಎಂದು ಬರೆದರೆ ನೀವು ನಂಬಬಹುದು, ಆದರೆ ಅದು ನಿಜವಲ್ಲ. ಜಿಪಿಎಸ್‌ನಲ್ಲಿ ಆ ಇಳಿಜಾರಿನ ಹತ್ತಿರ ಬಸ್ಸು ದಿನಾ ಮನುಷ್ಯ ನಡೆದಂತೆ ಹೋಗುತ್ತಿತ್ತು, ತೀರ್ಥಹಳ್ಳಿಗೆ ಎಂಟು ನಿಮಿಷ ತಡ. ಅಶ್ವಿನ್ ಸೋಮಾರಿತನ ಮಾಡುತ್ತಿದ್ದಾನೆ, ಹಿಡಿಯೋಣ ಎಂದು ಹೋದೆ. ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತೆ.

ಇಳಿಜಾರು ಬರುವುದಕ್ಕೆ ಮೊದಲೇ ಅಶ್ವಿನ್ ಎರಡನೇ ಗೇರಿಗೆ ಇಳಿಸಿದ. ಎಡಗಡೆಯ ಚಕ್ರಗಳನ್ನು ರಸ್ತೆ ಪಕ್ಕದ ಮಣ್ಣಿಗೆ ಹಾಕಿದ. ವಾಸಪ್ಪ ಟಿಕೆಟ್ ಹರಿಯುವುದು ಬಿಟ್ಟು ಬಾಗಿಲಿಗೆ ಬಂದ. ಸೀಟಿನ ಕೆಳಗಿನಿಂದ ಒಂದು ಮರದ ದಿಮ್ಮಿ ತೆಗೆದು, ಕಂಕುಳಲ್ಲಿ ಇಟ್ಟುಕೊಂಡು, ಕೊನೆಯ ಮೆಟ್ಟಿಲ ಮೇಲೆ ಒಂದು ಕಾಲು ಇಳಿಬಿಟ್ಟು ನಿಂತ. ಬಸ್ಸು ಹಿಡಿತ ತಪ್ಪಿದರೆ ಹಾರಿ ಚಕ್ರಕ್ಕೆ ಕೊಡುವುದಕ್ಕೆ. ಐವತ್ತನಾಲ್ಕು ವರ್ಷದ ಮನುಷ್ಯ. ಇದು ಅವರಿಗೆ ದಿನದ ಕೆಲಸವಾಗಿಬಿಟ್ಟಿದೆ. ಪ್ರಯಾಣಿಕರು ಮೊಬೈಲ್ ನೋಡುತ್ತಿದ್ದರು. ನನ್ನ ಎರಡು ಕೈಯೂ ಮುಂದಿನ ಕಂಬಿಗೆ ಅಂಟಿಕೊಂಡಿದ್ದವು. ಕೆಳಗೆ ತಲುಪಿದ ಮೇಲೆ ವಾಸಪ್ಪ ದಿಮ್ಮಿಯನ್ನು ಸೀಟಿನ ಕೆಳಗೆ ತಳ್ಳಿ ಮತ್ತೆ ಟಿಕೆಟ್ ಟಿಕೆಟ್ ಎಂದ.

ತೀರ್ಥಹಳ್ಳಿಯಲ್ಲಿ ಇಳಿದು ಅಶ್ವಿನ್‌ನನ್ನು ಕೇಳಿದೆ, ಯಾಕೆ ಬರೆಯಲಿಲ್ಲ ಎಂದು. ‘ಬರೆದ್ರೆ ಬೋರ್ಡಲ್ಲಿ ಕಂಪ್ಲೇಂಟಿನ ಕಾಲಮ್ಮಿಗೆ ಹೆಸ್ರು ಬರುತ್ತೆ ಮೇಡಂ. ನಿಮ್ ಮನೆಯವ್ರು ಬರೆದಿದ್ದಕ್ಕೇ ಹಂಗಾಯ್ತು, ಇನ್ನು ನಮ್ದೆಂತ’ ಎಂದ. ಮುಖ ನೋಡದೆ ಹೇಳಿದ. ಅಲ್ಲಿಂದ ಅತ್ತಿಗೆಯ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ನಾನು ಬರಲಿಲ್ಲ. ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತು ಬೇರೆ ಕಂಪನಿಯ ಬಸ್ಸು ಹಿಡಿದು ಸಾಗರಕ್ಕೆ ವಾಪಸ್ ಬಂದೆ.

ಇವತ್ತು ಬೆಳಿಗ್ಗೆ ನಾಗರಾಜಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ನಿಮಗೂ ಗೊತ್ತು. ಕೇಳಿಸಿಕೊಂಡರು. ‘ಮಂಗಳವಾರ ಬಿಚ್ಚಿಸೋಣ ಕಣಮ್ಮ. ವಿಚಾರಣೆಗೆ ಮೊದ್ಲೇ ಗಾಡಿ ಬಿಚ್ಚಿದ್ರೆ ಅವ್ನು ಹೇಳಿದ್ದೇ ನಿಜ ಅಂತ ನಾವೇ ಒಪ್ಪಿಕೊಂಡಂಗೆ. ನಾನು ಬೋರ್ಡಲ್ಲಿ ಲೆಕ್ಕ ಮಾತ್ರ ನೋಡಿದ್ದು, ಬ್ರೇಕಿನ ವಿಷ್ಯ ಪುಸ್ತಕದಲ್ಲಿ ಅವ್ನು ಎಂತಾದ್ರೂ ಬರ್ದಿದಾನಾ?’ ಎಂದು ಕೇಳಿದರು. ಇಲ್ಲ ಎಂದೆ. ಮಂಗಳವಾರಕ್ಕೆ ಒಪ್ಪಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಂಡು ಬಂದೆ. ಎರಡು ದಿನ ತಾನೇ, ಅಶ್ವಿನ್ ಹುಷಾರಾಗಿ ಓಡಿಸುತ್ತಾನೆ ಎಂದುಕೊಂಡೆ.

ಪುಸ್ತಕದಲ್ಲಿ ಇಲ್ಲ ಎಂದದ್ದು ನಿಜವೇ. ಆ ಹಾಳೆಯನ್ನು ಹರಿದವಳು ನಾನು. ನೀವು ಕೀ ಕೊಟ್ಟು ಹೋದ ದಿನವೇ, ಸಂಜೆ ನಾಲ್ಕಕ್ಕೆ, ಯಾರೂ ಹೇಳದೆ ಹರಿದೆ. ನಿಮ್ಮ ಬರಹದ ಕೆಳಗೆ ನನ್ನ ಸಹಿ ಇತ್ತಲ್ಲ, ಅದು ಯಾರ ಕಣ್ಣಿಗೂ ಬೀಳಬಾರದಿತ್ತು. ಸುಡಲು ಕೈ ಬರಲಿಲ್ಲ. ಟಿಫಿನ್ ಬ್ಯಾಗಿನ ತಳದಲ್ಲಿ ಇಟ್ಟುಕೊಂಡು ಹನ್ನೊಂದು ದಿನ ಓಡಾಡಿದ್ದೇನೆ. ಈಗ ಈ ಪತ್ರದ ಜೊತೆ ಇಡುತ್ತಿದ್ದೇನೆ. ನಾಳೆ ನಿಮ್ಮ ಕೈಯಲ್ಲಿ ಅದು ಇರಬೇಕು.

ಇಷ್ಟು ಬರೆದು ಆಫೀಸಿನ ಕಿಟಕಿಯಿಂದ ಹೊರಗೆ ನೋಡಿದೆ. ಅಶ್ವಿನ್ ಮುಂದಿನ ಗಾಜು ಒರೆಸುತ್ತಿದ್ದಾನೆ. ವಾಸಪ್ಪ ಎಲೆ ಅಡಿಕೆ ಉಗಿದು ಬಂದು, ಕಾಗದ ಆಯ್ತಾ ಮೇಡಂ ಎಂದು ಕೇಳಿ ಹೋದ. ಈಗ ಹೊಳೆಯಿತು ನನಗೆ. ಬ್ರೇಕಿಲ್ಲ ಎಂದು ಬರೆದ ಕಾಗದವನ್ನು ಆ ಬ್ರೇಕಿಲ್ಲದ ಬಸ್ಸಿನಲ್ಲೇ ನಿಮಗೆ ಕಳಿಸುತ್ತಿದ್ದೇನೆ. ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಮೊದಲ ಪ್ಯಾರಾದಲ್ಲಿ ಲೆಕ್ಕ ಬೇರೆ ಹಾಕಿದ್ದೇನೆ. ಭಾನುವಾರ, ಊರಿಗೆ ಬಂದವರೆಲ್ಲ ವಾಪಸ್ ಹೋಗುವ ದಿನ, ನಿಲ್ಲಲೂ ಜಾಗ ಇರುವುದಿಲ್ಲ. ಗಂಟೆ ಎರಡೂ ಇಪ್ಪತ್ತು. ಬಸ್ಸು ಶೆಡ್ಡಿನಿಂದ ಹೊರಡಲು ಹತ್ತು ನಿಮಿಷ ಇದೆ. ತಡೆಯಿರಿ, ಬಂದೆ.

ಸಂಜೆ ನಾಲ್ಕೂವರೆ.

ಬಸ್ಸು ಹೋಗಲಿಲ್ಲ. ಕೀ ಕೊಡು ಎಂದರೆ ಅಶ್ವಿನ್ ಇದೇನೋ ಪರೀಕ್ಷೆ ಎಂದು ನಕ್ಕ. ಗೇಟಿಗೆ ಅಡ್ಡ ನಿಂತ ಮೇಲೆ ಕೊಟ್ಟ. ಸ್ಟ್ಯಾಂಡಿನಲ್ಲಿ ಅರವತ್ತು ಜನ ಕಾಯುತ್ತಿದ್ದರು, ಏಜೆಂಟನ ಫೋನಿನ ಮೇಲೆ ಫೋನು. ನಾಗರಾಜಪ್ಪನವರಿಗೆ ನಾನೇ ಹೇಳಿದೆ. ‘ಗಂಡನ್ನ ಉಳಿಸ್ಕೊಳ್ಳೋಕೆ ಗಾಡಿ ನಿಲ್ಸಿದ್ಲು ಅಂತ ಊರೆಲ್ಲಾ ಆಡ್ಕೊಳುತ್ತೆ, ಗೊತ್ತಾ?’ ಎಂದರು. ಎರಡು ವರ್ಷ ನಾನು ಹೆದರಿದ್ದು ಅದೊಂದೇ ಮಾತಿಗೆ. ಕಿವಿಯಾರೆ ಕೇಳಿದೆ. ಆಡಿಕೊಳ್ಳಲಿ ಬಿಡಿ ಎಂದೆ. ಆಮೇಲೆ ಪುಸ್ತಕ ತೆಗೆದು ಆ ಬಸ್ಸಿನ ನಂಬರ್ ಬರೆದು, ‘ಬ್ರೇಕ್ ಹಿಡಿಯುವುದಿಲ್ಲ, ಓಡಿಸಬಾರದು’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ನಿಂಗಪ್ಪ ಹಿಂದಿನ ಬಲಚಕ್ರ ಬಿಚ್ಚಿದ. ಬ್ರೇಕಿನ ಲೈನಿಂಗ್ ಪೂರ್ತಿ ಸವೆದು ರಿವೆಟ್ಟುಗಳು ಹೊರಗೆ ಬಂದಿದ್ದವು, ಡ್ರಮ್ಮಿನ ಒಳಗೆ ಬಿರುಕು. ಅವನು ನೆಲದ ಮೇಲೆ ಕೂತುಬಿಟ್ಟ. ‘ಅವತ್ತು ಗಾಡಿ ತಣ್ಣಗಿತ್ತು, ಖಾಲಿ ಇತ್ತು, ಅದ್ಕೇ ಹಿಡೀತು ಮೇಡಂ. ರವೀಂದ್ರಣ್ಣ ಸರಿಯಾಗೇ ಹೇಳಿದ್ರು’ ಎಂದ. ವಾಸಪ್ಪ ದಿಮ್ಮಿಯನ್ನು ತಂದು ನನ್ನ ಕಾಲ ಹತ್ತಿರ ಇಟ್ಟು ಹೋದ. ಆಮೇಲೆ ನಾಗರಾಜಪ್ಪನವರು ಶೆಡ್ಡಿಗೇ ಬಂದರು. ಒಂದಿಷ್ಟು ಮಾತುಕತೆ ಆಯಿತು.

ಆ ನಲವತ್ತೇಳು ಜನರನ್ನು ನೀವು ರಸ್ತೆಯಲ್ಲಿ ಇಳಿಸಿದಿರಿ, ಅವರೆಲ್ಲ ಮನೆಗೆ ಹೋಗಿ ನಿಮ್ಮನ್ನು ಬೈದುಕೊಂಡು ಊಟ ಮಾಡಿದರು. ಅವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಿದೆ, ತಡವಾಗಿ. ನಾಳೆ ಬನ್ನಿ. ಆ ಹಾಳೆಯನ್ನು ಮೇಜಿನ ಮೇಲೆ ಇಡಿ. ಕೆಳಗಿರುವ ಸಹಿ ಯಾರದು ಎಂದು ಅವರು ಕೇಳುವ ಮೊದಲು ನಾನೇ ಹೇಳುತ್ತೇನೆ. ನನಗೆ ನಾಚಿಕೆಯಾಗುತ್ತಿದೆ. ನಿಮ್ಮನ್ನು ನೋಡಬೇಕು ಎಂದೂ ಅನ್ನಿಸುತ್ತಿದೆ. ಎರಡರಲ್ಲಿ ಯಾವುದನ್ನು ಮೊದಲು ಬರೆಯಬೇಕಿತ್ತೋ ತಿಳಿಯಲಿಲ್ಲ.

ವಾಸಪ್ಪ ಈ ಪತ್ರದ ಜೊತೆ ಬೇರೆ ಕಂಪನಿಯ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಬರುತ್ತಿದ್ದಾನೆ. ಅದೇ ಅವನಿಗೆ ದೊಡ್ಡ ಅವಮಾನ. ಅವನಿಗೆ ಊಟ ಹಾಕಿಸಿ ಕಳಿಸಿ.

ನಿಮ್ಮ
ಸ್ವಪ್ನಾ

ಮತ್ತೆ ಬರೆದದ್ದು: ನಾಳೆ ಮೇಜಿನ ಆ ಬದಿಯಲ್ಲಿ ನನ್ನನ್ನು ಹುಡುಕಬೇಡಿ. ನಾಲ್ಕು ಗಂಟೆಗೆ ನನ್ನನ್ನೂ ಸಸ್ಪೆಂಡ್ ಮಾಡಿದರು. ಭಾನುವಾರ ಟೈಪ್ ಮಾಡುವವರು ಬೇರೆ ಯಾರೂ ಇರಲಿಲ್ಲ, ಆರ್ಡರನ್ನು ನಾನೇ ಟೈಪ್ ಮಾಡಿಕೊಟ್ಟೆ. ಕಂಪ್ಯೂಟರಿನಲ್ಲಿ ನಿಮ್ಮದೇ ಆರ್ಡರು ಇತ್ತು. ತಾರೀಖು, ಹೆಸರು, ಹುದ್ದೆ ಬದಲಾಯಿಸಿದೆ. ‘ನಿಗದಿತ ಟ್ರಿಪ್ ನಿಲ್ಲಿಸಿ ಪ್ರಯಾಣಿಕರಿಗೆ ತೊಂದರೆ ಕೊಟ್ಟಿದ್ದು’ ಎಂಬ ಕಾರಣದ ಸಾಲನ್ನು ಮುಟ್ಟಬೇಕಾಗಲಿಲ್ಲ. ವಿಚಾರಣೆ ಇಬ್ಬರಿಗೂ ಹತ್ತೂವರೆಗೆ, ಒಂದೇ ಕೋಣೆಯಲ್ಲಿ. ನೀವು ಮೊದಲು ಬಂದರೆ ಪಕ್ಕದ ಕುರ್ಚಿಯನ್ನು ನನಗೆ ಹಿಡಿದಿಡಿ.