ತಿಕ್ಕಿ ತೊಳೆದ ನೆಪೋಲಿಯನ್

ನವೆಂಬರ್ ೧೪, ಗುರುವಾರ

ಸಿಟ್ಟು ಇಳಿದಿದೆ, ಸಂಕಟ ಇನ್ನೂ ಇಳಿದಿಲ್ಲ.

ಪುಸ್ತಕದ ಸಾಲು ಬೀಳದ ಹಾಗೆ ಎರಡೂ ತುದಿಗೆ ಆನಿಸಿಡುವ ಕಂಚಿನ ನೆಪೋಲಿಯನ್ ಬೊಂಬೆಗಳು. ಒಬ್ಬ ಸಿಕ್ಕಿ ಒಂಬತ್ತು ವರ್ಷ, ಅವನ ಜೋಡಿ ಸಿಕ್ಕಿದ್ದು ಮೊನ್ನೆ. ಇಬ್ಬರ ಮೇಲೂ ನೂರು ವರ್ಷದಿಂದ ತಾನಾಗಿ ಕಟ್ಟಿದ ಒಂದೇ ಥರದ ಹಳೇ ಕಪ್ಪು. ಹಳೇ ಸಾಮಾನು ಕೂಡಿಡುವ ನಮ್ಮಂಥ ಹುಚ್ಚರಿಗೆ ಆ ಕಪ್ಪೇ ಪ್ರಾಣ. ನಾನು ಒದ್ದೆ ಬಟ್ಟೆ ಕೂಡ ಸೋಕಿಸುವುದಿಲ್ಲ.

ಸಂಜೆ ಕೆಲಸದಿಂದ ಬಂದು ನೋಡಿದರೆ ಒಬ್ಬ ಫಳಫಳ ಹೊಳೆಯುತ್ತಿದ್ದಾನೆ. ಅತ್ತೆ ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದ್ದಾರೆ. ಆ ಮಂಡಿನೋವು ಇಟ್ಟುಕೊಂಡು, ಮಧ್ಯಾಹ್ನವಿಡೀ ಸಿಂಕಿನ ಮುಂದೆ ನಿಂತು.

"ಪಾಪ, ಮುಖದ ತುಂಬಾ ಮಸಿ ಇತ್ತು ಕಣಮ್ಮಾ. ಇಷ್ಟು ಆಸೆಪಟ್ಟು ತಂದಿದೀಯ, ತೊಳೆಯೋಕೆ ನಿಂಗೆಲ್ಲಿ ಪುರುಸೊತ್ತು."

ಇನ್ನೊಬ್ಬನನ್ನು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಬಚ್ಚಿಟ್ಟೆ.

ಊಟಕ್ಕೆ ಕೂತಾಗ ಅತ್ತೆ ಕಣ್ಣೆಲ್ಲ ಕಪಾಟಿನ ಮೇಲೆ. "ಇನ್ನೊಬ್ಬ ಎಲ್ಲಿ ಹೋದ? ಅವಳಿ ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಸ್ನಾನ ಮಾಡ್ಸಿದ್ರೆ ಇನ್ನೊಬ್ಬ ಮುಖ ಊದಿಸ್ಕೊಳ್ಳಲ್ವಾ?"

ನಗು ತಡೆಯಲಾಗಲಿಲ್ಲ. ತಟ್ಟೆ ಎತ್ತುವಾಗ ನೋಡಿದೆ, ಅವರ ಬೆರಳ ತುದಿಗಳೆಲ್ಲ ಕಪ್ಪು. ನನ್ನ ನೂರು ವರ್ಷದ ಬಣ್ಣ ಅಲ್ಲಿ ಕೂತಿದೆ.

ಈಗಷ್ಟೇ ಎದ್ದು ಹೋಗಿ ಬೀರುವಿನಲ್ಲಿದ್ದವನನ್ನು ತಂದು ಸಿಂಕಿನ ಪಕ್ಕ ಕೂರಿಸಿ ಬಂದೆ. ಪುಡಿ ಡಬ್ಬಿಯನ್ನೂ ಇಟ್ಟೆ.

ನಿಂತು ಉಜ್ಜುವುದು ಬೇಡ ಅಂತ ಒಂದು ಸ್ಟೂಲನ್ನೂ.