ಪೌಂಡ್ ಗುರುತು ಇದ್ದಲ್ಲಿ ‘ನ’

ಮಾವ,

ನಿಮ್ಮ ಸೊಸೆ ಶೈಲಾಳ ನಮಸ್ಕಾರ. ಹರಿಹರದ ಈ ಮನೆಯಲ್ಲಿ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆವು. ನಿಮಗೆ ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಈಗ ಬಂದಿದೆ. ನೀವು ಹೋಗಿ ಎಂಟು ತಿಂಗಳಾಯಿತು. ನಿಮ್ಮ ಪುಸ್ತಕಕ್ಕೆ ನಾನೇನು ಮಾಡಿದೆ ಎಂಬುದನ್ನು ಮನೆಯವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ನಿಮಗೇ ಹೇಳಿಲ್ಲ.

ಆ ಹಳೇ ಕಂಪ್ಯೂಟರ್ ಮನೆಗೆ ಬಂದ ದಿನ ನೆನಪಿದೆಯೇ? ದಾವಣಗೆರೆ ಮಂಡಿಪೇಟೆಯಲ್ಲಿ ನಾನು ಬಿಲ್ ಹಾಕುವ ಕಾಳಿನ ಅಂಗಡಿಯವರು ಹೊಸದು ತಂದರೆಂದು ಹಳೆಯದನ್ನು ನನಗೆ ಕೊಟ್ಟಿದ್ದರು. ಗುತ್ತೂರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಆಗಷ್ಟೇ ನಿವೃತ್ತರಾಗಿದ್ದ ನೀವು, ಸ್ವಿಚ್ ಹಾಕುವ ಮೊದಲೇ ಕೀಬೋರ್ಡಿನ ಮೇಲೆ ಬೆರಳಾಡಿಸಿದಿರಿ.

“ಶೈಲವ್ವ, ಈ ಎರಡು ಗುಂಡಿ ಮ್ಯಾಲೆ ಸಣ್ಣ ಗೆರೆ ಯಾಕ ಎಬ್ಬಿಸ್ಯಾರೆ?”

“ಯಾವ ಗೆರೆ ಮಾವ?”

“ಎಫ್ ಮ್ಯಾಲೊಂದು, ಜೆ ಮ್ಯಾಲೊಂದು. ಕಣ್ಣು ಬ್ಯಾರೆ ಕಡೆ ಇದ್ರೂ ಬೆರಳಿಗೆ ಜಾಗ ಸಿಗ್ಲಿ ಅಂತ ಇರಬೇಕು.”

ಆ ಹೊತ್ತಿಗೆ ನಾನು ಹತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೆ. ಆ ಗೆರೆಗಳು ಇವೆಯೆಂಬುದೇ ಗೊತ್ತಿರಲಿಲ್ಲ. ನಿಮ್ಮ ಕೈ ಎಂಥದ್ದು, ನಿಮ್ಮ ಕಣ್ಣು ಎಂಥದ್ದು ಎಂದು ಅವತ್ತೇ ನನಗೆ ತಿಳಿಯಬೇಕಿತ್ತು. ಆದರೆ ನಾನು…

ನೀವು ಪುಸ್ತಕ ಶುರುಮಾಡಿದ್ದು ಎದುರು ಮನೆಯ ಶಾಂತಮ್ಮನ ಇಸ್ತ್ರಿಪೆಟ್ಟಿಗೆಯಿಂದ. ಓಣಿಯ ಹೆಂಗಸರು ಮಿಕ್ಸಿ, ಫ್ಯಾನು, ಕುಕ್ಕರು ಅಂತ ಒಂದೊಂದೇ ಹಿಡಿದುಕೊಂಡು ಬರುವರು. ನೀವು ಬಿಚ್ಚಿ ತೋರಿಸಿ, “ಮುಂದಿನ ಸಲ ನೀವೇ ಬಿಚ್ಚ್ರಿ, ಕಷ್ಟ ಇಲ್ಲ” ಅನ್ನುವಿರಿ. ಅವರು ಮುಂದಿನ ಸಲವೂ ನಿಮ್ಮ ಹತ್ತಿರವೇ ಬರುವರು. ಆಗ ನೀವು, ಇದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟರೆ ಹೇಗೆ ಎಂದು ಯೋಚಿಸಿದಿರಿ. ನಮ್ಮ ಕಾಳಿನ ಅಂಗಡಿಯಲ್ಲಿ ಮೊದಲಿದ್ದ ಗುಮಾಸ್ತರು ಆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಹಳೆಯದೊಂದು ತಂತ್ರಾಂಶ ಹಾಕಿಟ್ಟಿದ್ದರು. ಅದರಲ್ಲಿ ಎರಡೇ ಬೆರಳಿನಿಂದ ನಾಲ್ಕು ವರ್ಷ ಬರೆದಿರಿ. ‘ಮನೆ ಸಾಮಾನು ಕೆಟ್ಟರೆ’ ಎಂದು ಹೆಸರಿಟ್ಟಿರಿ. ಪ್ರತಿ ಅಧ್ಯಾಯವೂ ಒಂದೇ ಮಾತಿನಿಂದ ಶುರು: ಮೊದಲು ಪ್ಲಗ್ ಕಿತ್ತಿಡಿ, ಆಮೇಲೆ ನಿಮ್ಮ ಹೆದರಿಕೆ ಕಿತ್ತಿಡಿ.

ಅದೇ ವರ್ಷಗಳಲ್ಲಿ ನಾನು ಓಣಿಯ ಕಂಪ್ಯೂಟರ್ ಪಂಡಿತಳಾಗಿದ್ದೆ. ಯಾರ ಮನೆಯ ವೈಫೈ ನಿಂತರೂ, ಯಾರ ಫೋನಿನಲ್ಲಿ ಜಾಗ ತುಂಬಿದರೂ, ಪ್ರಿಂಟರ್ ಹಾಳೆ ನುಂಗಿದರೂ ನನಗೇ ಕರೆ. ನಿಜ ಹೇಳಲೇ ಮಾವ? ನನಗೆ ಗೊತ್ತಿದ್ದದ್ದು ಮೂರೇ ಮದ್ದು: ಆರಿಸಿ ಮತ್ತೆ ಹಚ್ಚುವುದು, ಅಳಿಸುವುದು, ಹೊಸದು ಹಾಕುವುದು. ನೂರರಲ್ಲಿ ತೊಂಬತ್ತು ಸಲ ಅಷ್ಟೇ ಸಾಕಾಗುತ್ತಿತ್ತು. ಅದರಿಂದಲೇ ನನ್ನ ಬಾಯಿಗೆ ‘ಗೊತ್ತಿಲ್ಲ’ ಅನ್ನುವ ಮಾತು ಮರೆತುಹೋಗಿತ್ತು.

ಯುಗಾದಿಗೆ ಮುಂಚಿನ ಆ ಭಾನುವಾರ ನೀವು ಪೇಂಟ್ ಬ್ರಷ್‌ನಿಂದ ಕಂಪ್ಯೂಟರಿನ ಫ್ಯಾನಿನ ಧೂಳು ತೆಗೆಯುತ್ತ ಕೂತಿದ್ದಿರಿ. ಅದು ಶುರುವಾಗಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. “ಧೂಳಿಂದ ಅಲ್ಲ ಮಾವ, ಒಳಗೆ ಕಸ ತುಂಬೈತೆ. ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ” ಅಂದೆ. ನೀವು ಕೇಳಿದ್ದು ಒಂದೇ ಪ್ರಶ್ನೆ, “ನನ್ನ ಪುಸ್ತಕ?” ಅದನ್ನು ಪೆನ್‌ಡ್ರೈವಿಗೆ ಹಾಕಿಟ್ಟೆ. ಅಷ್ಟು ಬುದ್ಧಿ ನನಗಿತ್ತು. ಆದರೆ ನೀವು ಟೈಪ್ ಮಾಡುತ್ತಿದ್ದ ಹಳೇ ತಂತ್ರಾಂಶ ನನ್ನ ಕಣ್ಣಿಗೆ ಬರೀ ಕಸವಾಗಿ ಕಂಡಿತು. ಅದನ್ನು ಬಿಟ್ಟುಬಿಟ್ಟೆ.

ಸಂಜೆ ಫೈಲು ತೆರೆದಾಗ ಪರದೆಯ ತುಂಬ ಗೋಜಲು. ಕೊಂಬು, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು. ಒಂದಾದರೂ ಕನ್ನಡ ಅಕ್ಷರವಿಲ್ಲ. ಏನಾಗಿದೆಯೆಂದು ನನಗೆ ತಿಳಿಯಲಿಲ್ಲ. ಆದರೂ ತೋರಿಸಿಕೊಳ್ಳಲಿಲ್ಲ.

“ಫೈಲ್ ಕರಪ್ಟ್ ಆಗೈತೆ ಮಾವ. ಮೊದ್ಲೇ ವೈರಸ್ ಹೊಕ್ಕಿರಬೇಕು.”

ನೀವು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಿರಿ. “ಹಾಳಾದಂಗೆ ಕಾಣಲ್ಲವ್ವ. ಪ್ಯಾರಾ ಎಲ್ಲೆಲ್ಲಿ ಬಿಟ್ಟಿದ್ನೋ ಅಲ್ಲಲ್ಲೇ ಅದಾವೆ. ಒಂದು, ಎರಡು, ಮೂರು ಅಂತ ಹಾಕಿದ ನಂಬರೂ ಹಂಗೇ ಅದಾವೆ. ಕೆಟ್ಟಿದ್ರೆ ಎಲ್ಲಾನೂ ಕೆಡಬೇಕಿತ್ತಲ್ಲ?”

ನೋಡಿ, ಆ ಕ್ಷಣಕ್ಕೇ ನೀವು ರೋಗದ ಮೂಲ ಹಿಡಿದಿದ್ದಿರಿ. ನಾನು ಏನಂದೆ? “ಕಂಪ್ಯೂಟರ್‌ನಾಗೆ ಹಂಗೆಲ್ಲ ಇರಲ್ಲ ಮಾವ, ನಿಮಗೆ ತಿಳಿಯಲ್ಲ.”

“ಹೋಗ್ಲಿ ಬಿಡವ್ವ,” ಅಂದಿರಿ. ನಾಲ್ಕು ವರ್ಷದ ಕೆಲಸಕ್ಕೆ ಎರಡು ಮಾತು.

ವಾರದ ಮೇಲೆ ನಾನು ಬಸ್ಸಿಗೆ ಹೊರಟಾಗ, ಆ ಫೈಲಿನ ಐದಾರು ಹಾಳೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತರಲು ಹೇಳಿದಿರಿ. ಆ ಕಸ ಯಾಕೆ ಎಂದು ನಕ್ಕೆ. ತಂದೇನೋ ಕೊಟ್ಟೆ. ಆಮೇಲಿನ ಮಧ್ಯಾಹ್ನಗಳಲ್ಲಿ ನೀವು ಕಿಟಕಿ ಪಕ್ಕ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದಿರಂತೆ. ಭಾನುವಾರ ನಾನೂ ನೋಡುತ್ತಿದ್ದೆ. ಪದಬಂಧ ಬಿಡಿಸುತ್ತೀರೆಂದುಕೊಂಡೆ. ಒಂದು ಬೆಳಿಗ್ಗೆ ನಾನು ಮಗಳಿಗೆ ಜಡೆ ಹೆಣೆಯುವಾಗ ಹತ್ತಿರ ಬಂದಿರಿ.

“ಶೈಲವ್ವ, ಈ ಪೌಂಡ್ ಗುರುತು ಎಲ್ಲೆಲ್ಲಿ ಬರತೈತೋ ಅಲ್ಲೆಲ್ಲ ಒಂದೇ ಅಕ್ಷರ ಇರಬೇಕು ಅನಸ್ತೈತೆ. ಸ್ವಲ್ಪ ಕೂತು ನೋಡ್ತೀಯಾ?”

ನನಗೆ ಬಸ್ಸಿನ ಹೊತ್ತಾಗಿತ್ತು. “ಅದು ಸತ್ತ ಫೈಲು ಮಾವ. ಬ್ಯಾಡ ಬಿಡ್ರಿ.”

ಆಮೇಲೆ ನೀವು ಆ ವಿಷಯ ನನ್ನ ಹತ್ತಿರ ಎತ್ತಲೇ ಇಲ್ಲ. ಐದು ನಿಮಿಷ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಿಂದೆಯೇ ಇನ್ನೊಂದು ಬಸ್ಸಿರಲಿಲ್ಲವೇ?

ದೀಪಾವಳಿ ಕಳೆದ ವಾರ, ಬೆಳಗಿನ ಚಹಾ ಕುಡಿಯುತ್ತಿದ್ದಾಗ ನಿಮಗೆ ಎದೆ ಹಿಡಿಯಿತು. ದಾವಣಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅದನ್ನು ಇಲ್ಲಿ ಬರೆಯಲಾರೆ.

ಎರಡು ತಿಂಗಳ ಹಿಂದೆ ಅತ್ತೆ ನಿಮ್ಮ ಟ್ರಂಕು ಸ್ವಚ್ಛ ಮಾಡುತ್ತಿದ್ದವರು ಒಂದು ನೋಟ್‌ಬುಕ್ ತಂದು, “ಇದು ಬೇಕೇನು, ರದ್ದಿಗೆ ಹಾಕ್ಲೇನು?” ಎಂದು ಕೇಳಿದರು. ತೆಗೆದು ನೋಡಿದೆ. ಎಡಗಡೆ ಆ ವಿಚಿತ್ರ ಗುರುತುಗಳು, ಬಲಗಡೆ ಕನ್ನಡ ಅಕ್ಷರಗಳು, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಇಂಗ್ಲಿಷಿನ ಪಿ ಬಂದಲ್ಲಿ ‘ಕ’. ಪೌಂಡ್ ಗುರುತು ಇದ್ದಲ್ಲಿ ‘ನ’. ಖಾತ್ರಿಯಾದವಕ್ಕೆ ಸರಿ ಗುರುತು, ಅನುಮಾನವಿದ್ದವಕ್ಕೆ ಪ್ರಶ್ನೆ ಚಿಹ್ನೆ. ನಲವತ್ತಕ್ಕೂ ಹೆಚ್ಚು ಅಕ್ಷರಗಳನ್ನು ಹಿಡಿದಿದ್ದಿರಿ. ಮುಂದಿನ ಪುಟದಿಂದ ಆ ಗೋಜಲನ್ನು ಒಂದೊಂದೇ ಅಕ್ಷರ ಓದಿ, ಪುಸ್ತಕವನ್ನು ಮತ್ತೆ ಕೈಯಲ್ಲಿ ಬರೆಯಲು ಶುರುಮಾಡಿದ್ದಿರಿ. ತಿಳಿಯದ ಕಡೆ ಸಣ್ಣ ಅಡ್ಡಗೆರೆ. ಹನ್ನೊಂದು ಪುಟ ಆಗಿತ್ತು. ಹನ್ನೆರಡನೆಯದು ಅರ್ಧಕ್ಕೆ ನಿಂತಿತ್ತು.

ಸತ್ತ ಫೈಲನ್ನು ಯಾರಾದರೂ ಓದಲು ಸಾಧ್ಯವೇ ಮಾವ? ನೀವು ಓದಿದ್ದಿರಿ ಅಂದರೆ ಅದು ಬದುಕಿತ್ತು. ರದ್ದಿಗೆ ಹಾಕಬೇಡಿ ಎಂದು ಅತ್ತೆಗೆ ಹೇಳಿ ನೋಟ್‌ಬುಕ್ ಎತ್ತಿಟ್ಟುಕೊಂಡೆ.

ಮರುದಿನವೇ ಪೆನ್‌ಡ್ರೈವ್ ಹಿಡಿದು, ಮಂಡಿಪೇಟೆಯ ಹಿಂದೆ ಲಗ್ನಪತ್ರಿಕೆ ಮಾಡಿಕೊಡುವ ನಾಗರತ್ನ ಅನ್ನುವವರ ಅಂಗಡಿಗೆ ಹೋದೆ. ಅವರು ಫೈಲು ತೆರೆದು, ಗೋಜಲು ನೋಡಿ, ಹುಬ್ಬನ್ನೂ ಏರಿಸಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿದು, ಮೇಲಿನ ಪಟ್ಟಿಯಲ್ಲಿ ಅಕ್ಷರದ ಬಗೆ ಬದಲಾಯಿಸಿದರು. ಅಷ್ಟೇ. ನಿಮ್ಮ ಕನ್ನಡ ಪರದೆಯ ತುಂಬ ಎದ್ದು ನಿಂತಿತು. ಮೊದಲು ಪ್ಲಗ್ ಕಿತ್ತಿಡಿ…

“ಫೈಲ್ ಚೊಲೋ ಐತ್ರಿ,” ಅಂದರು ನಾಗರತ್ನ. “ಹಳೇ ಕಾಲದ ಟೈಪಿಂಗ್ ಇದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಾಗೆ ಹಿಂಗೇ ಕಾಣತೈತೆ. ಫೋನ್‌ನಾಗೂ ಓದೋ ಹಂಗೆ ಈಗಿನ ಅಕ್ಷರಕ್ಕೆ ಬದಲಾಯಿಸಿ ಕೊಡ್ತೀನಿ, ಕೂಡ್ರಿ. ಹಾಳಾಗೈತೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೋ ಕಂಪ್ಯೂಟರ್ ಗೊತ್ತಿದ್ದೋರು,” ಅಂದೆ.

ಅಲ್ಲಿಯೂ ‘ನಾನೇ’ ಅನ್ನಲು ಬಾಯಿ ಬರಲಿಲ್ಲ ಮಾವ. ಹರಿಹರಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೆ ಬಹಳ ನಾಚಿಕೆಯಾದದ್ದು ಅದಕ್ಕೇ. ಮೊದಲನೆಯದು ಅಜ್ಞಾನ. ಎರಡನೆಯದು ಏನು?

ಆ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗನಿಗೆ, ಅತ್ತೆಗೆ, ಮಗಳಿಗೆ ಎಲ್ಲ ಹೇಳಿದೆ. ನಿಮ್ಮ ಮಗ, “ಗೊತ್ತಿಲ್ಲದೆ ಆಗಿದ್ದು ಬಿಡು” ಅಂದರು. ಅತ್ತೆ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಅವರು ನಿನ್ನ ಮ್ಯಾಲೆ ಸಿಟ್ಟಾಗಿರಲಿಲ್ಲ ಶೈಲಾ. ಒಂದಿನಾನೂ ನಿನ್ನ ಬೈದಿಲ್ಲ. ಆದ್ರೆ ನೊಂದ್ಕಂಡಿದ್ರು. ನಾನ್ಯಾಕ ಸುಳ್ಳು ಹೇಳ್ಲಿ?”

ಅವರು ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು. ಬರೀ ಸಮಾಧಾನದ ಮಾತಾಡಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಮರುದಿನ ನಾಗರತ್ನ ಅವರ ಅಂಗಡಿಗೆ ಮತ್ತೆ ಹೋಗಿ, ಹಾಗೆ ಹೇಳಿದ್ದು ನಾನೇ ಎಂದು ತಿಳಿಸಿ ಬಂದೆ. ಅವರು ನಗಲಿಲ್ಲ. ತಮ್ಮ ಕೈಯಲ್ಲೂ ಒಮ್ಮೆ ಯಾರದೋ ಮದುವೆಯ ಫೋಟೊಗಳೆಲ್ಲ ಅಳಿಸಿಹೋದದ್ದನ್ನು ಹೇಳಿದರು.

ಈಗ ನಿಮಗೆ ತಿಳಿಯದ ಸುದ್ದಿ. ನಿಮ್ಮ ಪುಸ್ತಕ ಓಣಿಯ ಹೆಂಗಸರ ಫೋನುಗಳಲ್ಲಿ ಓಡಾಡುತ್ತಿದೆ. ಶಾಂತಮ್ಮ ಇಸ್ತ್ರಿಪೆಟ್ಟಿಗೆಯ ವೈರು ತಾವೇ ಬದಲಾಯಿಸಿದರು. ಮಿಕ್ಸಿಯ ಅಧ್ಯಾಯ ಓದಿಸಿಕೊಂಡ ಅತ್ತೆ, “ಇಷ್ಟು ಸುಲಭ ಇದ್ರೆ ನನಗ್ಯಾಕ ಅರ್ಧ ದಿನ ಕಾಯಿಸ್ತಿದ್ರು?” ಎಂದು ನಿಮ್ಮನ್ನು ಬೈದರು. ಬೈಯುತ್ತಲೇ ಕಣ್ಣು ಒರೆಸಿಕೊಂಡರು.

ಕೊನೆಯ ಅಧ್ಯಾಯದವರೆಗೆ ಓದಿದ್ದು ನಾನೊಬ್ಬಳೇ. ಅಲ್ಲಿ ‘ಕಂಪ್ಯೂಟರ್ ಕೆಟ್ಟರೆ’ ಎಂದು ತಲೆಬರಹ ಹಾಕಿ, ಕೆಳಗೆ ಒಂದೇ ಸಾಲು ಬರೆದು ಬಿಟ್ಟಿದ್ದೀರಿ: ‘ಇದನ್ನು ನಮ್ಮ ಶೈಲಾ ಬರೆಯಬೇಕು, ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಬಿಡುವಾದಾಗ ಕೇಳುವುದು.’ ನನಗೆ ಬಿಡುವಾಗುವುದನ್ನು ನೀವು ಎಷ್ಟು ದಿನ ಕಾದಿರಿ ಮಾವ?

ಬರೆಯುತ್ತಿದ್ದೇನೆ. ಅಕ್ಷರ ಗೋಜಲಾಗಿ ಕಂಡರೆ ಏನು ಮಾಡಬೇಕು, ಯಾವುದನ್ನು ಅಳಿಸಬಾರದು, ಅಳಿಸುವ ಮೊದಲು ಯಾರನ್ನು ಕೇಳಬೇಕು, ಎಲ್ಲ. ನಿನ್ನೆ ಎರಡು ಪುಟ ಅತ್ತೆಗೆ ಓದಿ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು, “ನನಗೇನೂ ತಿಳೀಲಿಲ್ಲ, ಇನ್ನೊಮ್ಮೆ ಬರಿ” ಅಂದರು. ಇನ್ನೊಮ್ಮೆ ಬರೆಯಲು ಕೂತಿದ್ದೇನೆ.

ನಿಮ್ಮ ಸೊಸೆ,
ಶೈಲಾ